ಅರಮನೆಯ ಬ್ಯಾಂಡೂ ಅದರ ಸಂತತಿಯೂ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯಲ್ಲಿ, ಚಾಮುಂಡಿಬೆಟ್ಟವನ್ನು ಎಡಗಡೆಗೆ ಬಿಟ್ಟು ಸ್ವಲ್ಪ ದೂರ ಸಾಗಿದರೆ ಮಂಡಕಳ್ಳಿ ಬರುತ್ತದೆ. ಈಗಿನವರಿಗೆ ಅದು ವಿಮಾನ ನಿಲ್ದಾಣದ ಊರು. 1940ರ ದಶಕದಲ್ಲಿ ಮೈಸೂರು ಸಂಸ್ಥಾನದವರು ಅಲ್ಲಿ ಸಿದ್ಧಪಡಿಸಿದ ವಿಮಾನದ ಬಯಲೇ 2010ರಲ್ಲಿ ಹೊಸ ರೂಪವನ್ನು ತಳೆದು ಸಾರ್ವಜನಿಕರ ಪ್ರಯಾಣಕ್ಕೆ ತೆರೆಯಿತು. ಆದರೆ ಮದುವೆಯ ತಿಂಗಳುಗಳಲ್ಲಿ ಈ ಸೀಮೆಯ ಊರುಗಳ ಹಾದಿಯಲ್ಲಿ ಕೇಳಿಬರುವುದು ವಿಮಾನದ ಸದ್ದೊಂದೇ ಅಲ್ಲ. ಕಲ್ಯಾಣಮಂಟಪದ ಬಾಗಿಲಲ್ಲಿ ವಾಲಗದವರು ಕುಳಿತಿದ್ದರೆ, ದಿಬ್ಬಣದ ಮುಂದೆ ಬ್ಯಾಂಡ್‌ಸೆಟ್ಟಿನವರು ಕ್ಲಾರಿಯೊನೆಟ್ಟು, ಟ್ರಂಪೆಟ್ಟು, ಡ್ರಮ್ಮುಗಳನ್ನು ಹಿಡಿದು ನಡೆಯುತ್ತಾರೆ. ಯೂರೋಪಿನ ಕಾರ್ಯಾಗಾರಗಳಲ್ಲಿ ರೂಪುಗೊಂಡು, ಅಲ್ಲಿನ ದಂಡಿನ ಪಾಳೆಯಗಳಲ್ಲಿ ಬೆಳೆದ ಈ ವಾದ್ಯಗಳು ನಮ್ಮ ನಾಡಿನ ಮಂಗಳಕಾರ್ಯಗಳಲ್ಲಿ ಇಷ್ಟು ಸಲುಗೆಯಿಂದ ಸೇರಿಕೊಂಡುದು ಹೇಗೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಅತಿಪರಿಚಯದಿಂದ ಅದರ ವಿಸ್ಮಯ ಮರೆಯಾಗಿಬಿಟ್ಟಿದೆ.

ಮೈಸೂರಿನ ಮಟ್ಟಿಗೆ ಈ ಪ್ರಶ್ನೆಯ ಉತ್ತರವನ್ನು ಅರಸುವವರು ಅರಮನೆಯ ಅಂಗಳಕ್ಕೆ ಬಂದು ನಿಲ್ಲಬೇಕಾಗುತ್ತದೆ. ಅಲ್ಲಿ ಒಂದು ವಾದ್ಯವೃಂದವು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೇರೂರಿ, ಅರಸೊತ್ತಿಗೆ ಕಳೆದ ಮೇಲೆಯೂ ಅಳಿಯದೆ, ಇಂದಿಗೂ ಕರ್ನಾಟಕ ರಾಜ್ಯ ಪೊಲೀಸ್ ಬ್ಯಾಂಡ್ ಎಂಬ ಹೆಸರಿನಲ್ಲಿ ನಡೆದುಬಂದಿದೆ. ಒಂದು ಸಂಗೀತವನ್ನು ಹುಟ್ಟಿಸುವವನು ಮಹಾಪ್ರತಿಭೆಯ ಒಬ್ಬ ವ್ಯಕ್ತಿಯಾಗಿರಬಹುದು, ಅದಕ್ಕೆ ಆಶ್ರಯ ಕೊಡುವವನು ಒಬ್ಬ ಪ್ರಭುವಾಗಿರಬಹುದು. ಆದರೆ ಅದನ್ನು ತಲೆಮಾರಿನಿಂದ ತಲೆಮಾರಿಗೆ ಉಳಿಸುವುದು ಮಾತ್ರ ಒಂದು ವೃಂದ, ಅಂದರೆ ನಿತ್ಯವೂ ಕೂಡಿ ನುಡಿಸುವ ಒಂದು ಸಮುದಾಯ. ಅಷ್ಟೇ ಅಲ್ಲ, ಹಾಗೆ ಉಳಿಸಿದುದು ಅದೇ ರೂಪದಲ್ಲಿ ಉಳಿಯದೆ, ಯಾರೂ ನಿರೀಕ್ಷಿಸದ ಕೈಗಳಲ್ಲಿ ಹೊಸದಾಗಿ ಮೊಳೆಯುವುದೂ ಉಂಟು. ಈ ಎರಡು ಮಾತುಗಳಿಗೂ ಮೈಸೂರಿನ ಬ್ಯಾಂಡಿನ ಚರಿತ್ರೆಯೇ ಸಾಕ್ಷಿಯಾಗಿದೆ.

ಪಾಶ್ಚಾತ್ಯ ವಾದ್ಯಗಳೊಡನೆ ದಕ್ಷಿಣ ಭಾರತದ ನಂಟು ಅದಕ್ಕಿಂತಲೂ ಹಳೆಯದು. ಮದರಾಸಿನ ಕೋಟೆಯಲ್ಲಿ ಆಂಗ್ಲರ ಬ್ಯಾಂಡು ನುಡಿಸುತ್ತಿದ್ದ ಮಟ್ಟುಗಳನ್ನು ಕೇಳಿದ ಮುತ್ತುಸ್ವಾಮಿ ದೀಕ್ಷಿತರು ಅವುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದರು. ನೊಟ್ಟುಸ್ವರ ಸಾಹಿತ್ಯವೆಂದು ಹೆಸರಾದ ಆ ರಚನೆಗಳನ್ನು ಇಂದಿಗೂ ಮಕ್ಕಳಿಗೆ ಕಲಿಸುತ್ತಾರೆ. ಅವರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕಲಿತು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಹೀಗೆ ಸಿದ್ಧವಾಗಿದ್ದ ನೆಲದಲ್ಲಿ, 1881ರಲ್ಲಿ ರಾಜ್ಯಾಧಿಕಾರವನ್ನು ಮರಳಿ ಪಡೆದ ಹತ್ತನೆಯ ಚಾಮರಾಜ ಒಡೆಯರ ಕಾಲಕ್ಕೆ ಮೈಸೂರಿನ ಆಸ್ಥಾನದಲ್ಲಿ ನಾಟಕ, ಸಂಗೀತ, ಸಾಹಿತ್ಯಗಳು ಒಟ್ಟಿಗೆ ಚಿಗುರಿದವು. ಅಭಿನವ ಕಾಳಿದಾಸ ಬಿರುದಾಂಕಿತರಾದ ಬಸವಪ್ಪ ಶಾಸ್ತ್ರಿಗಳು ರಚಿಸಿದ ‘ಕಾಯೌ ಶ್ರೀ ಗೌರಿ’ ಸಂಸ್ಥಾನದ ಗೀತೆಯಾಯಿತು. ದೇವಿಯನ್ನು ಪ್ರಾರ್ಥಿಸುವ ಸಾಹಿತ್ಯವನ್ನು ಹಿತ್ತಾಳೆಯ ಕೊಂಬುಗಳಲ್ಲಿಯೂ ಮರದ ಕೊಳವೆಗಳಲ್ಲಿಯೂ ಮೊಳಗಿಸುವ ಈ ಕ್ರಮದಲ್ಲಿ ಆಗಿನವರಿಗೆ ಯಾವ ವಿರೋಧವೂ ಕಾಣಲಿಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರು 1902ರಿಂದ 1940ರವರೆಗೆ ಆಳಿದ ಅವಧಿಯಲ್ಲಿ ಈ ಔದಾರ್ಯವು ಪರಿಪೂರ್ಣತೆಗೆ ಬಂದಿತು. ವೀಣೆ ಶೇಷಣ್ಣನವರೂ ಮೈಸೂರು ವಾಸುದೇವಾಚಾರ್ಯರೂ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರೂ ಬೆಳಗಿದ ಆಸ್ಥಾನದಲ್ಲಿಯೇ, ಪಾಶ್ಚಾತ್ಯ ಪದ್ಧತಿಯ ಅರಮನೆಯ ಆರ್ಕೆಸ್ಟ್ರಾವನ್ನು ಆಟೋ ಸ್ಮಿಟ್ ಎಂಬ ಜರ್ಮನ್ ವಿದ್ವಾಂಸರು ನಡೆಸುತ್ತಿದ್ದರು. ಸ್ವತಃ ಪ್ರಭುಗಳೇ ಉಭಯ ಪದ್ಧತಿಗಳ ಹಲವು ವಾದ್ಯಗಳಲ್ಲಿ ಪರಿಶ್ರಮವುಳ್ಳವರಾಗಿದ್ದರು. ಎರಡು ಸಂಗೀತಗಳು ಒಂದೇ ಸೂರಿನ ಕೆಳಗೆ ಇದ್ದಾಗ ಒಂದರ ಗಾಳಿ ಇನ್ನೊಂದಕ್ಕೆ ತಾಗದೆ ಇರಲಾರದು. ಚಾಮುಂಡೇಶ್ವರಿಯ ಮೇಲೆ ನೂರೆಂಟು ಕೃತಿಗಳನ್ನು ರಚಿಸಿದ ಮುತ್ತಯ್ಯ ಭಾಗವತರ ಹೆಸರಿನಲ್ಲಿಯೇ, ಬ್ಯಾಂಡಿನ ನಡಿಗೆಯನ್ನು ಶಂಕರಾಭರಣದ ಸ್ವರಗಳಲ್ಲಿ ಹಿಡಿದಿಟ್ಟ ‘ಇಂಗ್ಲಿಷ್ ನೋಟು’ ಪ್ರಸಿದ್ಧವಾಗಿದೆ. ಪಿಟೀಲಿನ ನಾದ ದೊಡ್ಡ ಸಭೆಯ ಕೊನೆಯವರೆಗೆ ಮುಟ್ಟಬೇಕೆಂದು ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಕಟ್ಟಿದುದೂ ಈ ಕಾಲದಲ್ಲಿಯೇ. ಹೊರಗಿನಿಂದ ಬಂದುದನ್ನು ಮೈಸೂರು ಅತಿಥಿಯಂತೆ ದೂರದಲ್ಲಿ ಕೂರಿಸಲಿಲ್ಲ. ಮನೆಯವರಂತೆ ಒಳಗೆ ಕರೆದು ಕೆಲಸಕ್ಕೆ ಹಚ್ಚಿತು.

ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡು, ಕರ್ನಾಟಕ ಬ್ಯಾಂಡು ಎಂದು ಎರಡು ತಂಡಗಳಿದ್ದವು. ಪೊಲೀಸ್ ಬ್ಯಾಂಡಿನಲ್ಲಿ ಆ ವಿಂಗಡಣೆ ಇಂದಿಗೂ ಉಳಿದಿದೆ. ಇವೆರಡರ ಭೇದವನ್ನು ಸಾಮಾನ್ಯ ಶ್ರೋತೃಗಳು ಅರಿತಿರುವುದು ಒಳ್ಳೆಯದು. ನಮ್ಮ ಪದ್ಧತಿಯಲ್ಲಿ ಹತ್ತು ಜನ ಕೂಡಿ ನುಡಿಸಿದರೂ ಅವರೆಲ್ಲರೂ ಅನುಸರಿಸುವುದು ಒಂದೇ ರಾಗದ ಒಂದೇ ಸಂಚಾರವನ್ನು; ಐಕ್ಯವೇ ಅಲ್ಲಿನ ಸೌಂದರ್ಯ. ಪಾಶ್ಚಾತ್ಯ ಬ್ಯಾಂಡಿನಲ್ಲಿಯಾದರೋ ಪ್ರತಿಯೊಬ್ಬನ ಎದುರಿಗೂ ಅವನ ಪಾಲಿನ ಸ್ವರಲಿಪಿಯ ಹಾಳೆ ಬೇರೆಯೇ ಇರುತ್ತದೆ. ಆರ್ಕೆಸ್ಟ್ರಾದಲ್ಲಿ ಪಿಟೀಲುಗಳು ಹೊರುವ ಭಾರವನ್ನು ಇಲ್ಲಿ ಕ್ಲಾರಿಯೊನೆಟ್ಟುಗಳು ಹೊರುತ್ತವೆ. ಕಾರ್ನೆಟ್ಟು ಮತ್ತು ಟ್ರಂಪೆಟ್ಟುಗಳು ಮೇಲಿನಿಂದ ಬೆಳಕು ಚೆಲ್ಲಿದಂತೆ ಧ್ವನಿಗೈಯುತ್ತವೆ. ಯೂಫೋನಿಯಮ್ ನಡುವಿನ ಸ್ಥಾಯಿಯಲ್ಲಿ ಗಂಭೀರವಾಗಿ ಹಾಡುತ್ತದೆ. ಟ್ಯೂಬಾ ತಳಹದಿಯನ್ನು ಹಾಕುತ್ತದೆ. ಹತ್ತಾರು ಆವರ್ತಗಳ ಕಾಲ ವಾದ್ಯವನ್ನು ತೊಡೆಯ ಮೇಲಿರಿಸಿ, ಮನಸ್ಸಿನಲ್ಲಿಯೇ ಎಣಿಸುತ್ತ ಕುಳಿತು, ಬ್ಯಾಂಡ್‌ಮಾಸ್ಟರರ ಕೋಲಿನ ಒಂದು ಸನ್ನೆಗೆ ಸರಿಯಾಗಿ ನಾಲ್ಕೇ ಸ್ವರಗಳನ್ನು ಊದಿ ಮತ್ತೆ ಮೌನವಾಗುವ ವಾದಕನೊಬ್ಬನನ್ನು ಗಮನಿಸಿದರೆ, ಈ ಕಲೆಗೆ ಎಷ್ಟು ಸಂಯಮ ಬೇಕೆಂಬುದು ತಿಳಿಯುತ್ತದೆ. ತನ್ನ ಭಾಗವು ಅಲ್ಪವಾದರೂ ಸಮಸ್ತದ ಜವಾಬ್ದಾರಿಯನ್ನು ಹೊತ್ತುಕೊಳ್ಳುವ ಈ ವಿನಯವೇ ವೃಂದವಾದನದ ಪ್ರಥಮ ಪಾಠ.

ನಾಲ್ವಡಿಯವರ ಬಳಿಕ ಸಿಂಹಾಸನವನ್ನೇರಿದ ಜಯಚಾಮರಾಜ ಒಡೆಯರ ಪಾಶ್ಚಾತ್ಯ ಸಂಗೀತಪ್ರೇಮವು ಮೈಸೂರಿನ ಗಡಿಯನ್ನು ದಾಟಿ ಲೋಕದ ಸಂಗೀತ ಚರಿತ್ರೆಯಲ್ಲಿಯೇ ಗುರುತನ್ನು ಉಳಿಸಿತು. ಯೌವನದಲ್ಲಿ ಪಿಯಾನೋ ವಾದಕರಾಗಬೇಕೆಂಬ ಆಸೆಯಿದ್ದ ಅವರು, 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದರು. ರಷ್ಯದಿಂದ ಹೊರಬಂದು ಲಂಡನ್ನಿನಲ್ಲಿ ಬಡತನ ಅನಾರೋಗ್ಯಗಳ ನಡುವೆ ಬಾಳುತ್ತಿದ್ದ ನಿಕೊಲಾಯ್ ಮೆಟ್ನರ್ ಎಂಬ ವಾಗ್ಗೇಯಕಾರರ ಕೃತಿಗಳು ಧ್ವನಿಮುದ್ರಣಗೊಂಡುದು ಜಯಚಾಮರಾಜರ ಧನಸಹಾಯದಿಂದ. ಕೃತಜ್ಞರಾದ ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ರಿಚರ್ಡ್ ಸ್ಟ್ರಾಸ್ ತಮ್ಮ ಬಾಳಿನ ಸಂಜೆಯಲ್ಲಿ ರಚಿಸಿದ ನಾಲ್ಕು ಅಂತಿಮ ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದುದಕ್ಕೂ ಅವರ ನೆರವೇ ಆಧಾರವಾಯಿತು. ಅದೇ ಪ್ರಭುಗಳು ಶ್ರೀವಿದ್ಯಾ ಎಂಬ ಅಂಕಿತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೀರ್ತನೆಗಳನ್ನು ರಚಿಸಿದರೆಂಬುದನ್ನು ನೆನೆದಾಗ, ಒಂದನ್ನು ಪ್ರೀತಿಸುವುದಕ್ಕಾಗಿ ಇನ್ನೊಂದನ್ನು ತೊರೆಯಬೇಕಾಗಿಲ್ಲವೆಂಬ ಮಾತಿಗೆ ಬೇರೆ ಪ್ರಮಾಣ ಬೇಕಾಗುವುದಿಲ್ಲ.

ಆದರೆ ಅರಸರ ಆಶ್ರಯಕ್ಕೆ ಒಂದು ಮಿತಿಯಿದೆ. ಅರಸೊತ್ತಿಗೆಯೊಡನೆ ಅದೂ ಮುಗಿಯುತ್ತದೆ. ಸ್ವಾತಂತ್ರ್ಯದ ಬಳಿಕ ಸಂಸ್ಥಾನಗಳು ವಿಲೀನವಾದಾಗ ದೇಶದ ಎಷ್ಟೋ ಆಸ್ಥಾನಗಳ ವಾದಕರು ದಿಕ್ಕಾಪಾಲಾದರು. ಮೈಸೂರಿನಲ್ಲಿ ಹಾಗಾಗಲಿಲ್ಲ. ಅರಮನೆಯ ಬ್ಯಾಂಡುಗಳು ಪೊಲೀಸ್ ಇಲಾಖೆಯ ಆಡಳಿತಕ್ಕೆ ಬಂದವು. ಆಸ್ಥಾನದ ವಾದಕ ಸರ್ಕಾರದ ನೌಕರನಾದ. ಆತನ ಸಂಬಳ, ಸಮವಸ್ತ್ರ, ನಿತ್ಯದ ಅಭ್ಯಾಸ ಇವು ಮುಂದುವರಿದವು. ಸಂಗೀತದ ರಕ್ಷಣೆಯ ಮಾತನ್ನಾಡುವಾಗ ನಾವು ರಸಿಕತೆ, ಸಂಸ್ಕೃತಿ ಮೊದಲಾದ ದೊಡ್ಡ ಪದಗಳನ್ನು ಬಳಸುತ್ತೇವೆ. ತಿಂಗಳ ಕೊನೆಗೆ ವಾದಕನ ಮನೆಗೆ ಅಕ್ಕಿ ಬೇಳೆ ಬರುವ ವ್ಯವಸ್ಥೆಯನ್ನು ಮಾಡಿದವರೇ ಅದರ ಮೊದಲನೆಯ ರಕ್ಷಕರೆಂಬುದನ್ನು ಮರೆಯುತ್ತೇವೆ.

ಎರಡನೆಯ ರಕ್ಷಕನೆಂದರೆ ವರ್ಷವರ್ಷವೂ ತಪ್ಪದೆ ಬರುವ ಸಂದರ್ಭ. ಮೈಸೂರಿಗೆ ಅದು ದಸರೆ. ವಿಜಯದಶಮಿಯಂದು ಚಾಮುಂಡೇಶ್ವರಿಯ ಅಂಬಾರಿಗೆ ಪುಷ್ಪಾರ್ಚನೆ ನಡೆಯುವಾಗ ಪೊಲೀಸ್ ಬ್ಯಾಂಡು ರಾಷ್ಟ್ರಗೀತೆಯನ್ನು ನುಡಿಸುತ್ತದೆ, ಇಪ್ಪತ್ತೊಂದು ಕುಶಾಲುತೋಪುಗಳು ಹಾರುತ್ತವೆ. ಜಂಬೂಸವಾರಿಯಲ್ಲಿ ಬ್ಯಾಂಡಿನ ತಂಡಗಳು ಹೆಜ್ಜೆ ಹಾಕುತ್ತವೆ. ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿಗೆ ಅದೇ ನಾದ ಲಯವನ್ನು ಒದಗಿಸುತ್ತದೆ. ಉತ್ಸವದ ದಿನಗಳ ಸಂಜೆ, ಸುಮಾರು ಒಂದು ಲಕ್ಷ ದೀಪಗಳಿಂದ ಬೆಳಗುವ ಅರಮನೆಯ ಮುಂದೆ, ಇಂಗ್ಲಿಷ್ ಬ್ಯಾಂಡಿನವರೂ ಕರ್ನಾಟಕ ಬ್ಯಾಂಡಿನವರೂ ಕೂಡಿ ಕಚೇರಿ ನಡೆಸುವ ಪರಿಪಾಠವೂ ಇದೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳಿಯಿಂದ ಬಂದ ತಂದೆಗೆ ಯೂರೋಪಿನ ರಚನೆಯ ಹೆಸರು ತಿಳಿಯದೆ ಇರಬಹುದು. ಆದರೆ ಆ ಮಗುವಿನ ಕಿವಿಗೆ ಟ್ರಾಂಬೋನಿನ ಧ್ವನಿ ಮುಂದೆಂದೂ ಪರಕೀಯವಾಗುವುದಿಲ್ಲ.

ಅನ್ನ ಮತ್ತು ಉತ್ಸವ ಎಂಬ ಈ ಎರಡು ಆಧಾರಗಳು ಮೈಸೂರಿಗೆ ಮಾತ್ರ ವಿಶಿಷ್ಟವಾದವೆ, ಅಥವಾ ಸಂಗೀತದ ಉಳಿವಿಗೆ ಎಲ್ಲೆಡೆಯೂ ಅವಶ್ಯವಾದವೆ ಎಂಬುದನ್ನು ವಿಚಾರಮಾಡುವುದಕ್ಕೆ ದೂರದ ಇನ್ನೊಂದು ಪರಂಪರೆಯತ್ತ ದೃಷ್ಟಿ ಹರಿಸಬೇಕು. ಅದು ಜಿಪ್ಸಿ ಜಾಸ್ ಎಂದು ಲೋಕವು ಕರೆಯುವ ಸಂಗೀತ. ಅದರ ಆದ್ಯನಾದ ಜಾಂಗೋ ರೈನ್‌ಹಾರ್ಟ್ 1910ರ ಜನವರಿ 23ರಂದು ಬೆಲ್ಜಿಯಮ್ಮಿನ ಲಿಬರ್‌ಶಿ ಎಂಬ ಹಳ್ಳಿಯಲ್ಲಿ, ಬಂಡಿಯನ್ನೇ ಮನೆ ಮಾಡಿಕೊಂಡು ಊರೂರು ಅಲೆಯುತ್ತಿದ್ದ ಮನೂಶ್ ಪಂಗಡದಲ್ಲಿ ಜನಿಸಿದನು. ಈ ರೋಮಾ ಜನಾಂಗದ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಹೊರಟವರೆಂಬುದನ್ನು ಅವರ ಭಾಷೆಯು ಸಾರುತ್ತದೆ. 1928ರಲ್ಲಿ ಅವನ ಬಂಡಿಗೆ ಬೆಂಕಿ ತಗುಲಿ, ಎಡಗೈಯ ಉಂಗುರಬೆರಳೂ ಕಿರುಬೆರಳೂ ನಿಷ್ಪ್ರಯೋಜಕವಾದವು. ತಂತಿವಾದ್ಯವನ್ನೇ ಬದುಕಾಗಿಸಿಕೊಂಡಿದ್ದ ಹದಿನೆಂಟರ ತರುಣನು ಉಳಿದ ಎರಡು ಬೆರಳುಗಳಿಗೆ ಗಿಟಾರಿನ ಮೆಟ್ಟಿಲುಗಳ ಮೇಲೆ ಹೊಸ ನಡೆಯನ್ನು ಕಲಿಸಿದನು. ಆ ಕೊರತೆಯಿಂದಲೇ ಅವನ ಶೈಲಿ ಹುಟ್ಟಿತು.

ಅಮೆರಿಕದ ಲೂಯಿ ಆರ್ಮ್‌ಸ್ಟ್ರಾಂಗನ ಧ್ವನಿಮುದ್ರಿಕೆಗಳನ್ನು ಕೇಳಿ ಜಾಸ್ ಸಂಗೀತಕ್ಕೆ ಮಾರುಹೋದ ಜಾಂಗೋ, 1934ರಲ್ಲಿ ಪ್ಯಾರಿಸ್ಸಿನಲ್ಲಿ ಪಿಟೀಲುವಾದಕ ಸ್ಟೆಫಾನ್ ಗ್ರಾಪೆಲಿಯೊಡನೆ ಐವರ ವೃಂದವೊಂದನ್ನು ಕಟ್ಟಿದನು. ಮೂರು ಗಿಟಾರು, ಒಂದು ಪಿಟೀಲು, ಒಂದು ಡಬಲ್ ಬಾಸ್. ಡ್ರಮ್ಮು ಇಲ್ಲ, ಊದುವ ವಾದ್ಯವಿಲ್ಲ. ಚರ್ಮವಾದ್ಯವಿಲ್ಲದೆ ಲಯ ಹೇಗೆ ನಿಲ್ಲಬೇಕು? ಜಾಂಗೋ ಹಾಡಿನ ಎಳೆಯನ್ನು ವಿಸ್ತರಿಸುತ್ತಿರುವಾಗ ಉಳಿದಿಬ್ಬರು ಗಿಟಾರುವಾದಕರು ತಂತಿಗಳನ್ನೆಲ್ಲ ಒಟ್ಟಿಗೆ ಮೀಟಿ, ಒಡನೆಯೇ ಎಡಗೈಯ ಹಿಡಿತವನ್ನು ಸಡಿಲಿಸಿ ನಾದವನ್ನು ಅಡಗಿಸುತ್ತಾರೆ. ನಾಲ್ಕು ಮಾತ್ರೆಗಳ ಆವರ್ತದಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಗಟ್ಟಿಯಾದ ಪೆಟ್ಟು ಬೀಳುತ್ತದೆ. ಹೀಗೆ ತಂತಿಯೇ ತಾಳವಾಗುತ್ತದೆ. ಈ ಮೀಟಿನ ಕ್ರಮವನ್ನು ಯಾವ ಸ್ವರಲಿಪಿಯೂ ಸಂಪೂರ್ಣವಾಗಿ ಹಿಡಿದಿಡಲಾರದು. ಬಲ್ಲವನ ಮಣಿಕಟ್ಟನ್ನು ಪಕ್ಕದಲ್ಲಿ ಕುಳಿತು ನೋಡಿಯೇ ಕಲಿಯಬೇಕು.

ಯುದ್ಧ ಬಂದಿತು. ಗ್ರಾಪೆಲಿ ಲಂಡನ್ನಿನಲ್ಲಿ ಉಳಿದನು. ಜಾಂಗೋ ಪ್ಯಾರಿಸ್ಸಿಗೆ ಹಿಂದಿರುಗಿ, ಪಿಟೀಲಿನ ಸ್ಥಾನದಲ್ಲಿ ಕ್ಲಾರಿಯೊನೆಟ್ಟನ್ನಿರಿಸಿಕೊಂಡು ವೃಂದವನ್ನು ಮುನ್ನಡೆಸಿದನು. ನಾಜಿಗಳ ಆಳ್ವಿಕೆಯಲ್ಲಿ ಯೂರೋಪಿನ ಲಕ್ಷಾಂತರ ರೋಮಾ ಜನರು ಹತರಾದರು. ಬದುಕುಳಿದ ಜಾಂಗೋ 1953ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿಯೇ, ಸೇನ್ ನದಿಯ ದಡದ ಸಾಮ್ವಾ ಎಂಬ ಊರಿನಲ್ಲಿ ನೆಲೆಸಿದ್ದಾಗ ತೀರಿಕೊಂಡನು. ಅವನೊಡನೆ ಮುಗಿಯಬಹುದಾಗಿದ್ದ ಸಂಗೀತವು ಮುಗಿಯದೆ ಉಳಿದುದು ಮುಖ್ಯವಾಗಿ ಪ್ರಾಂತೀಯ ವೃಂದಗಳಿಂದ. ಫ್ರಾನ್ಸಿನ ಆಲ್ಸಾಸ್ ಸೀಮೆಯ ಮನೂಶ್ ಕುಟುಂಬಗಳಲ್ಲಿ ತಂದೆ ಮೀಟುವಾಗ ಮಗ ಲಯವನ್ನು ಹಿಡಿಯುವನು, ಮಗ ಮುಂದೆ ಬಂದಾಗ ಸೋದರಮಾವ ಲಯಕ್ಕೆ ಸರಿಯುವನು; ಬಿರೆಲಿ ಲಗ್ರೇನನಂಥ ವಾದಕನು ಬಂದುದು ಅಂಥ ಮನೆಯಿಂದಲೇ. ಜರ್ಮನಿಯಲ್ಲಿ ಷ್ನುಕನಾಕ್ ರೈನ್‌ಹಾರ್ಟನ ತಂಡ, ನೆದರ್ಲೆಂಡ್ಸಿನಲ್ಲಿ ರೋಸನ್‌ಬರ್ಗ್ ಬಂಧುಗಳ ತ್ರಯ ಈ ಕೆಲಸವನ್ನು ಮಾಡಿದವು. ಸಾಮ್ವಾ ಊರಿನಲ್ಲಿ 1968ರಲ್ಲಿ ಮೊದಲಾದ ಜಾಂಗೋ ಸ್ಮರಣೋತ್ಸವವು ಮುಂದೆ ವರ್ಷಂಪ್ರತಿಯ ಮೇಳವಾಗಿ ಬೆಳೆಯಿತು.

ಮೈಸೂರಿನ ಬ್ಯಾಂಡಿಗೂ ಈ ಅಲೆಮಾರಿ ವೃಂದಗಳಿಗೂ ಮೇಲ್ನೋಟಕ್ಕೆ ಯಾವ ಸಾಮ್ಯವೂ ಇಲ್ಲ. ಒಂದು ಅರಮನೆಯ ಕೂಸು, ಇನ್ನೊಂದು ಬೀದಿಬದಿಯ ಬಂಡಿಯದು. ಒಂದಕ್ಕೆ ಬರಹದ ಸ್ವರಲಿಪಿ ಆಧಾರ, ಇನ್ನೊಂದಕ್ಕೆ ಕಿವಿ ಮತ್ತು ನೆನಪು. ಆದರೂ ಎರಡನ್ನೂ ಉಳಿಸಿದ ಸೂತ್ರ ಒಂದೇ ಆಗಿದೆ. ಹಿರಿಯನ ಪಕ್ಕದಲ್ಲಿ ಕಿರಿಯನಿಗೆ ಒಂದು ಸ್ಥಾನವಿರಬೇಕು. ವಾದನವು ಹೊಟ್ಟೆಗೆ ಹಿಟ್ಟನ್ನು ಒದಗಿಸಬೇಕು. ಮತ್ತು ವರ್ಷಕ್ಕೊಮ್ಮೆಯಾದರೂ ಜನರು ಕಾದು ಕುಳಿತು ಕೇಳುವ ಸಂದರ್ಭ ಬರಬೇಕು. ಇವು ಮೂರೂ ಕೂಡಿದೆಡೆ ಸಂಗೀತವು ಕಷ್ಟವನ್ನು ಸಹಿಸಿಕೊಂಡು ನಿಲ್ಲುತ್ತದೆ.

ನಿಲ್ಲುವುದಷ್ಟೇ ಅಲ್ಲ, ಹಬ್ಬುತ್ತದೆ. ಇದಕ್ಕೆ ನಮ್ಮ ನಾಡಿನಲ್ಲಿಯೇ ಉಜ್ಜ್ವಲವಾದ ಉದಾಹರಣೆಯಿದೆ. ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿ, ತಂದೆ ತನಿಯಪ್ಪನವರಿಂದ ನಾಗಸ್ವರವನ್ನು ಕಲಿಯುತ್ತಿದ್ದ ಬಾಲಕನೊಬ್ಬನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನಿನ ಧ್ವನಿಯನ್ನು ಕೇಳಿ ಬೆರಗಾದನು. ನೂರಾರು ಜನ ಕೇಳಿ ಮರೆತ ಆ ಧ್ವನಿ ಆತನ ಅಂತರಂಗದಲ್ಲಿ ನಿಂತಿತು. ಇದೇ ತನ್ನ ವಾದ್ಯವೆಂದು ಆತನು ನಿಶ್ಚಯಿಸಿದನು. ಆ ಬಾಲಕನೇ ಮುಂದೆ ಲೋಕಪ್ರಸಿದ್ಧರಾದ ಕದ್ರಿ ಗೋಪಾಲನಾಥರು. ಜಾಂಗೋ ಹುಟ್ಟಿದ ಅದೇ ಬೆಲ್ಜಿಯಮ್ಮಿನವನಾದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರವನ್ನು ಪಡೆದ ವಾದ್ಯವು ದಂಡಿನ ಬ್ಯಾಂಡುಗಳ ಮೂಲಕ ಮೈಸೂರಿಗೆ ಬಂದು, ಒಬ್ಬ ನಾಗಸ್ವರ ವಿದ್ವಾಂಸನ ಮಗನ ಕೈಸೇರಿದ ವೃತ್ತಾಂತವಿದು.

ಕೈಸೇರಿದೊಡನೆ ವಶವಾಗುವ ವಾದ್ಯವಲ್ಲ ಅದು. ನಾಗಸ್ವರದ ರಂಧ್ರವನ್ನು ಬೆರಳು ನೇರವಾಗಿ ಮುಟ್ಟುತ್ತದೆ. ಅರ್ಧ ತೆರೆದು, ಕಾಲುಭಾಗ ಮುಚ್ಚಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಲೋಹದ ಕೀಲಿಯಿದೆ, ಅದು ತೆರೆಯುವುದು ಇಲ್ಲವೆ ಮುಚ್ಚುವುದು. ಸ್ವರಗಳು ಮೆಟ್ಟಿಲುಗಳಂತೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಗಮಕವೇ ಪ್ರಾಣವಾದ ನಮ್ಮ ರಾಗಗಳಿಗೆ ಇದಕ್ಕಿಂತ ದೊಡ್ಡ ಅಡ್ಡಿ ಬೇರಿಲ್ಲ. ಗೋಪಾಲನಾಥರು ವಾದ್ಯದ ಕೀಲಿಗಳಲ್ಲಿ ಮಾರ್ಪಾಡು ಮಾಡಿಸಿಕೊಂಡು, ತುಟಿಯ ಒತ್ತಡವನ್ನೂ ಉಸಿರಿನ ಪ್ರಮಾಣವನ್ನೂ ಕೂದಲೆಳೆಯಷ್ಟು ಹೆಚ್ಚುಕಡಮೆ ಮಾಡುತ್ತ, ತೋಡಿಯ ಗಾಂಧಾರವು ತೂಗುವಂತೆ ಆ ಲೋಹವನ್ನು ಒಲಿಸಿಕೊಂಡರು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರರೂ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರೂ ಅವರನ್ನು ತಿದ್ದಿದರು. ಈ ಸಾಧನೆಗೆ ಸುಮಾರು ಎರಡು ದಶಕಗಳು ಹಿಡಿದವು.

ಆ ಬಳಿಕ ಜಾಸ್ ಸಂಗೀತವೇ ಅವರನ್ನು ಅರಸಿಕೊಂಡು ಬಂದಿತು. 1980ರಲ್ಲಿ ಮುಂಬಯಿಯ ಜಾಸ್ ಮೇಳದಲ್ಲಿ ಅವರ ವಾದನವನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ, ವೇದಿಕೆಯನ್ನೇರಿ ಜೊತೆಗೆ ನುಡಿಸಲು ತಾವಾಗಿಯೇ ಅನುಮತಿ ಕೇಳಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಬಿಬಿಸಿಯ ಪ್ರಾಮನೇಡ್ ಕಛೇರಿಗಳಲ್ಲಿ ಗೋಪಾಲನಾಥರು ನುಡಿಸಿದರು. ಜಯಚಾಮರಾಜರ ನೆರವಿನಿಂದ ಸ್ಟ್ರಾಸರ ಗೀತೆಗಳು ಮೊದಲು ಧ್ವನಿಸಿದ ಸಭಾಂಗಣ ಅದೇ. ಅಂದು ಮೈಸೂರಿನ ಧನ ಹೋದ ಸ್ಥಳಕ್ಕೆ ನಾಲ್ಕು ದಶಕಗಳ ಮೇಲೆ ಮೈಸೂರಿನ ಬ್ಯಾಂಡಿನಿಂದ ಪ್ರೇರಣೆ ಪಡೆದ ನಾದವೇ ಹೋಯಿತು. ಇತ್ತ ಅಮೆರಿಕದಲ್ಲಿ, ಕನ್ನಡ ಮೂಲದ ಕುಟುಂಬದಲ್ಲಿ ಬೆಳೆದು ಜಾಸ್ ಸ್ಯಾಕ್ಸೋಫೋನ್ ಕಲಿಯುತ್ತಿದ್ದ ರುದ್ರೇಶ್ ಮಹಾಂತಪ್ಪ ಎಂಬ ತರುಣನಿಗೆ ಅವನ ಅಣ್ಣನು ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಕೊಟ್ಟನು. ತನ್ನ ವಾದ್ಯಕ್ಕೂ ತನ್ನ ಹಿರಿಯರ ನಾಡಿಗೂ ಇಂಥ ನಂಟಿರುವುದನ್ನು ಅದರಿಂದ ಅರಿತ ರುದ್ರೇಶ್, 2008ರಲ್ಲಿ ಗೋಪಾಲನಾಥರೊಡನೆಯೇ ಕೂಡಿ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು.

ಬೆಂಗಳೂರಿನಲ್ಲಿ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ತಾಳವಾದ್ಯ ಕಲಾಶಾಲೆಯೂ ಈ ಹಾದಿಯಲ್ಲಿ ನಡೆದ ವೃಂದವೇ. ಗಾಯಕಿ ಆರ್.ಎ. ರಮಾಮಣಿಯವರೊಡನೆ ಆ ತಂಡವು ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆಗೂಡಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಣವನ್ನು ಮಾಡಿತು. ಬೆಂಗಳೂರನ್ನು ನೆಲೆಯಾಗಿಸಿಕೊಂಡ ಪಿಟೀಲು ವಿದ್ವಾಂಸ ಎಲ್. ಸುಬ್ರಹ್ಮಣ್ಯಂ ಅವರು, ಜಾಂಗೋನ ಸಂಗಾತಿಯಾಗಿದ್ದ ಅದೇ ಗ್ರಾಪೆಲಿಯೊಡನೆ ಧ್ವನಿಮುದ್ರಿಕೆಯೊಂದರಲ್ಲಿ ಜೊತೆಯಾಗಿ ನುಡಿಸಿದರು. ಪ್ಯಾರಿಸ್ಸಿನ ಆ ಐವರ ವೃಂದಕ್ಕೂ ಕನ್ನಡನಾಡಿಗೂ ನಡುವಿನ ದೂರ ನಾವು ಭಾವಿಸುವಷ್ಟು ಹೆಚ್ಚಿನದಲ್ಲ.

ಈ ಚರಿತ್ರೆಯನ್ನೆಲ್ಲ ಒಟ್ಟಾಗಿ ನೋಡಿದಾಗ ಪೊಲೀಸ್ ಬ್ಯಾಂಡನ್ನು ಮೆರವಣಿಗೆಯ ಅಲಂಕಾರವೆಂದೋ ಸರ್ಕಾರಿ ಸಮಾರಂಭದ ಶಿಷ್ಟಾಚಾರವೆಂದೋ ಮಾತ್ರ ಎಣಿಸುವುದು ಎಷ್ಟು ಅನ್ಯಾಯವೆಂಬುದು ಮನದಟ್ಟಾಗುತ್ತದೆ. ಬ್ಯಾಂಡಿನಲ್ಲಿ ಅಂದು ಸ್ಯಾಕ್ಸೋಫೋನನ್ನು ಊದಿದವನ ಹೆಸರನ್ನು ಇಂದು ಯಾರೂ ನೆನೆಯುವುದಿಲ್ಲ. ಆತನು ತನ್ನ ಪಾಳಿಯ ಕರ್ತವ್ಯವನ್ನು ನಿರ್ವಹಿಸಿ ಮನೆಗೆ ಹೋದನು. ತಾನು ಒಂದು ಯುಗವನ್ನು ಆರಂಭಿಸಿದೆನೆಂಬುದು ಆತನಿಗೆ ತಿಳಿದಿರಲಾರದು. ವೃಂದದ ಸಾರ್ಥಕ್ಯವು ಹೀಗೆಯೇ, ಅದರ ಲೆಕ್ಕಕ್ಕೆ ಸಿಕ್ಕದ ಕಡೆಗಳಲ್ಲಿ ಫಲಿಸುತ್ತದೆ. ಆದುದರಿಂದ ಇಂಥ ತಂಡಕ್ಕೆ ಹೊಸ ವಾದಕರು ಕಾಲಕಾಲಕ್ಕೆ ಸೇರುತ್ತಿರುವಂತೆಯೂ, ಅದರ ಹಳೆಯ ಸ್ವರಲಿಪಿಗಳು ಜೋಪಾನವಾಗಿರುವಂತೆಯೂ, ದಸರೆಯ ಹೊರತಾಗಿ ಶಾಲೆಗಳ ಅಂಗಳದಲ್ಲಿಯೂ ಹೋಬಳಿಯ ಜಾತ್ರೆಗಳಲ್ಲಿಯೂ ಅದರ ಕಚೇರಿಗಳು ನಡೆಯುವಂತೆಯೂ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ. ನಿಂತು ಕೇಳುವುದು, ಮಕ್ಕಳನ್ನು ವಾದ್ಯಗಳ ಸಮೀಪಕ್ಕೆ ಕರೆದೊಯ್ಯುವುದು ನಮ್ಮ ಕರ್ತವ್ಯ. ಯಾವ ಮಗುವಿನ ಕಿವಿಯಲ್ಲಿ ಯಾವ ನಾದ ನಿಲ್ಲುವುದೋ ಮುಂಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ. ಆದರೆ ಕೇಳದೆ ಇರುವ ಮಗುವಿನಲ್ಲಿ ಯಾವುದೂ ನಿಲ್ಲುವುದಿಲ್ಲವೆಂಬುದನ್ನು ಮಾತ್ರ ನಿಶ್ಚಯವಾಗಿ ಹೇಳಬಹುದು.